ಕಳೆಯ ನಡುವೆ ಕುರ್ಚಿ

ಭಾವನ ತಲೆ ಅರ್ಧ ಮುಗಿದಿತ್ತು. ಎಡಗಡೆ ಕಿವಿಯ ಮೇಲೆ ಚೊಕ್ಕಟ, ಬಲಗಡೆ ಇನ್ನೂ ಪೊದೆ. ಕುತ್ತಿಗೆವರೆಗೆ ಬಿಳಿ ಬಟ್ಟೆ ಹೊದ್ದು, ತಲೆಯೊಂದನ್ನೇ ಹೊರಗಿಟ್ಟುಕೊಂಡು, ಕನ್ನಡಿಯಲ್ಲಿ ಕಾಣುವ ತನಗೇ ಭಾಷಣ ಬಿಗಿಯುತ್ತಿದ್ದ.

“ನಾಳೆ ಬೆಳಿಗ್ಗೆ ಯಂತ್ರ ಬರುತ್ತೆ. ಮಧ್ಯಾಹ್ನದೊಳಗೆ ಹಿಂದಿನ ಜಾಗ ಅಂಗೈ ಥರ ಆಗಿರುತ್ತೆ. ಮೇಲೆ ಹಸಿರು ಹಾಸು. ನೀರು ಬೇಡ, ಗೊಬ್ಬರ ಬೇಡ, ತೊಳೆದರೆ ಆಯ್ತು.”

“ಪ್ಲಾಸ್ಟಿಕ್ಕಿನದಾ ಭಾವ?” ಕೂದಲು ಕತ್ತರಿಸುತ್ತಿದ್ದ ತಮ್ಮನ ಹೆಂಡತಿ ಕೇಳಿದಳು.

“ಮುಟ್ಟಿದ್ರೆ ಗೊತ್ತೇ ಆಗಲ್ಲ.”

“ಮುಟ್ಟಿದ್ರೆ ನಮಗೆ ಗೊತ್ತಾಗಲ್ಲ. ಕೂತ್ರೆ ಜೇನಿಗೆ ಗೊತ್ತಾಗುತ್ತೆ.”

ಬೀದಿಯವರು ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಕೈಯಲ್ಲಿರುವ ಕತ್ತರಿಗೋ, ಬಾಯಲ್ಲಿರುವುದಕ್ಕೋ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಯ ಕೆಳಗಿನ ಕೋಣೆಯೇ ಅವಳ ಕ್ಷೌರದಂಗಡಿ. ಒಂದು ಕನ್ನಡಿ, ನೆಲಕ್ಕೆ ಬೋಲ್ಟು ಬಿಗಿದ ಒಂದು ಕಬ್ಬಿಣದ ಕುರ್ಚಿ, ಹಿಂದೊಂದು ಬಾಗಿಲು. ಆ ಬಾಗಿಲಾಚೆ ಇಡೀ ಸಾಲುಮನೆಗಳಿಗೆ ಸೇರಿದ ಜಾಗ. ಹಿಂದೆ ಅಲ್ಲಿ ಮರದ ಅಡ್ಡೆಯಿತ್ತಂತೆ. ಅದು ಸುಟ್ಟುಹೋದ ಮೇಲೆ ಯಾರೂ ಅತ್ತ ತಲೆ ಹಾಕಿರಲಿಲ್ಲ. ಎಕ್ಕ ಎದೆಯೆತ್ತರ ಬೆಳೆದಿತ್ತು. ಅದರ ಬುಡದಲ್ಲಿ ತುಂಬೆ, ಮುಳ್ಳುಗಿಡ, ಹೆಸರು ಗೊತ್ತಿಲ್ಲದ ಹಳದಿ ಹೂವು. ಎಕ್ಕದೆಲೆಯನ್ನು ಪಟ್ಟೆಪಟ್ಟೆ ಹುಳುಗಳು ಮೇಯುತ್ತಿದ್ದವು. ಕೆಲವು ಆಗಲೇ ಎಲೆಯಡಿ ಕೋಶ ಕಟ್ಟಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಹೊಸ್ತಿಲ ಮೇಲೆ ಕೂತು ಅದನ್ನೆಲ್ಲ ನೋಡುತ್ತಿದ್ದಳು. ಟೀವಿ ಇಟ್ಟುಕೊಳ್ಳಬಾರದಾ ಎಂದು ಕೇಳಿದವರಿಗೆ, ಇದರಲ್ಲಿ ಜಾಹೀರಾತು ಬರಲ್ಲ ಎನ್ನುತ್ತಿದ್ದಳು.

ಭಾವ, ಅಂದರೆ ಗಂಡನ ಅಣ್ಣ, ಸಾಲುಮನೆ ಸಂಘದ ಅಧ್ಯಕ್ಷ. ಕೆಟ್ಟ ಮನುಷ್ಯನಲ್ಲ. ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಓಡುವವನು ಅವನೇ. ಅವನಿಗೆ ಸೋರುವುದು, ಹಬ್ಬುವುದು, ಹೇಳದೆ ಕೇಳದೆ ಬೆಳೆಯುವುದು ಯಾವುದೂ ಸೇರದು, ಅಷ್ಟೇ. ಹಿಂದಿನ ವಾರ ಸಭೆ ಕರೆದು ಜಾಗ ಚೊಕ್ಕ ಮಾಡಲು ಒಪ್ಪಿಗೆ ಪಡೆದಿದ್ದ. ಬೇಡವೆಂದು ಎದ್ದದ್ದು ಕತ್ತರಿಯ ಕೈ ಒಂದೇ.

“ಹಾವು ಬರುತ್ತೆ, ಸೊಳ್ಳೆ ಬರುತ್ತೆ,” ಭಾವ ಮುಂದುವರಿಸಿದ. “ಅಮ್ಮನ ಮೊಣಕಾಲು ನೋಡಿದ್ದೀಯಲ್ಲ? ಅವಳಿಗೆ ಓಡಾಡೋಕೆ ಮೆತ್ತಗಿನ ಜಾಗ ಬೇಡ್ವಾ? ನಾನು ಮಾಡ್ತಿರೋದು ಯಾರಿಗೋಸ್ಕರ?”

“ಎಲೆ ಅಡಿ ಕೋಶಗಳಿವೆ ಭಾವ. ಅವು ಹಾರೋವರೆಗಾದ್ರೂ ತಡೀರಿ. ಆಮೇಲೆ ಕೂತು ಮಾತಾಡೋಣ.”

“ಚಿಟ್ಟೆ ತಾನೇ ನಿನಗೆ ಬೇಕಿರೋದು? ಗೋಡೆ ಮೇಲೆ ದೊಡ್ಡದಾಗಿ ಬರೆಸ್ತಿದೀವಿ. ಎರಡು ರೆಕ್ಕೆ ಮಧ್ಯೆ ನಿಂತು ಫೋಟೋ ತೆಗೆಸ್ಕೋಬಹುದು.”

“ಹುಳ ಬೇಡ, ಚಿಟ್ಟೆ ಬೇಕು. ಮಕ್ಕಳೇ ಬೇಡ, ಮೊಮ್ಮಕ್ಕಳು ಮಾತ್ರ ಇರಲಿ ಅಂದ ಹಾಗಾಯ್ತು.”

ಭಾವ ನಕ್ಕ. ಬಟ್ಟೆಯೊಳಗೆ ಹೊಟ್ಟೆ ಕುಣಿಯಿತು. “ನೋಡಮ್ಮ, ಆ ಕಳೆ ಕಿತ್ತು ಬಿಸಾಕಿದ್ರೆ ಬೀದಿಗೇ ಒಂದು ಕಳೆ ಬರುತ್ತೆ.”

ಅವಳ ಕೈ ನಿಂತಿತು. “ಏನಂದ್ರಿ?”

“ಕಳೆ ಬರುತ್ತೆ ಅಂದೆ.”

“ಕೀಳೋದೂ ಕಳೆ, ಬರೋದೂ ಕಳೆ. ಕಿತ್ತ ಮೇಲೆ ಎಲ್ಲಿಂದ ಬರುತ್ತೆ ಭಾವ?”

“ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲ. ಬೇಗ ಮುಗಿಸು, ಹಾಸಿನವರು ಕಾಯ್ತಿದ್ದಾರೆ.”

ಕತ್ತರಿ ಕೈಯಲ್ಲಿದ್ದ ಕತ್ತರಿಯನ್ನು ಡೆಟಾಲಿನ ಲೋಟದೊಳಗೆ ಇಳಿಬಿಟ್ಟಳು. ಅವನ ಕುತ್ತಿಗೆಯ ಹಿಂದಿನ ಗಂಟು ಬಿಚ್ಚಿ, ಬಟ್ಟೆಯನ್ನು ಒಂದು ಸಲ ಕೊಡವಿದಳು.

“ಅಂದ್ರೆ? ಬಲಗಡೆ?”

“ಬಲಗಡೆ ಕಾಡು ಇರಲಿ ಭಾವ. ಬೇಡ ಅಂದ್ರೆ ನಾಳೆ ಹೇಗೂ ಯಂತ್ರ ಬರುತ್ತಲ್ಲ.”

ಅವನು ಟವೆಲನ್ನು ತಲೆಗೆ ಸುತ್ತಿಕೊಂಡು ಬೀದಿಗಿಳಿದ. ಅಷ್ಟರಲ್ಲಿ ಬೀದಿಗೆ ಸುದ್ದಿ ಮುಟ್ಟಿಯಾಗಿತ್ತು.

ಸಂಜೆ ಅತ್ತೆ ಅವಳನ್ನು ತಾರಸಿಯಲ್ಲೇ ಹಿಡಿದಳು. ತಾರಸಿಯೆಂದರೆ ಅತ್ತೆಯ ರಾಜ್ಯ. ಹಳೆಯ ಡ್ರಮ್ಮುಗಳಲ್ಲಿ ಮಣ್ಣು ತುಂಬಿ ಕುಂಬಳ ಹಬ್ಬಿಸಿದ್ದಳು.

“ನನ್ನ ಹಿರಿಮಗನ ತಲೆ ಅರ್ಧಕ್ಕೆ ಬಿಟ್ಟೆಯಂತೆ? ಅರ್ಧ ಕೊಯ್ದು ಬಿಡೋಕೆ ಅದೇನು ನಿನ್ನ ಹೊಲವೇನೇ?”

“ನೀವು ಸಭೆಯಲ್ಲಿ ಅವರ ಪರ ಕೈ ಎತ್ತಿದ್ರಲ್ಲ ಅತ್ತೆ.”

“ಎದುರಿಗೆ ಕೂತು ನನ್ನೇ ನೋಡ್ತಿದ್ದ ಕಣೆ. ಕೈ ತಾನಾಗೇ ಎದ್ದಿತು.”

“ಹಾಗಾದ್ರೆ ಬರೋ ವರ್ಷ ಅದೇ ಕೈಗೆ ಬ್ರಶ್ ಕೊಡ್ತೀನಿ.”

ಅತ್ತೆಗೆ ಚುರುಕ್ಕೆಂದಿತು. ಕಳೆದ ವರ್ಷ ಸೊಳ್ಳೆಗೆಂದು ಸಂಘದವರು ಆ ಜಾಗಕ್ಕೆ ಮದ್ದು ಹೊಡೆಸಿದ್ದರು. ಸೊಳ್ಳೆ ಎರಡು ದಿನ ರಜೆ ಹಾಕಿ ವಾಪಸ್ ಬಂತು. ದುಂಬಿ, ಜೇನು ಬರಲಿಲ್ಲ. ಕುಂಬಳದ ಹೀಚು ಹೆಬ್ಬೆರಳ ಗಾತ್ರಕ್ಕೆ ಬರುವ ಮೊದಲೇ ಹಳದಿಯಾಗಿ ಉದುರತೊಡಗಿತು. ಕೊನೆಗೆ ಅತ್ತೆ ಸೊಸೆಯ ಅಂಗಡಿಯಿಂದ ಕೂದಲಿಗೆ ಬಣ್ಣ ಹಚ್ಚುವ ಬ್ರಶ್ ತಂದು, ದಿನಾ ಬೆಳಗಾಗುತ್ತಲೇ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರುತ್ತಾ ಓಡಾಡಿದಳು. ಈ ವಯಸ್ಸಲ್ಲಿ ಕುಂಬಳಕ್ಕೆ ಸಂಬಂಧ ಕುದುರಿಸೋ ಗತಿ ಬಂತಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಗೊಣಗಿದಳು. ಮೊಣಕಾಲು ಊದಿಕೊಂಡದ್ದೂ ಆಗಲೇ.

“ಅವನು ನನ್ನ ಕಾಲಿಗೋಸ್ಕರ ಮಾಡ್ತಿದ್ದಾನಂತೆ,” ಅತ್ತೆ ಅಂದಳು. ದನಿ ತಗ್ಗಿತ್ತು.

“ನಿಮ್ಮನ್ನ ಕೇಳಿದ್ರಾ?”

ಅತ್ತೆ ಬಳ್ಳಿಯಿಂದ ಒಣಗಿದ ಎಲೆಯೊಂದನ್ನು ಕಿತ್ತು, “ಹೋಗು, ಒಲೆ ಮೇಲೆ ಹಾಲಿದೆ,” ಅಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕತ್ತರಿ ನೆಲದ ಮೇಲೆ ಮಂಡಿಯೂರಿ ಕುರ್ಚಿಯ ಬೋಲ್ಟುಗಳ ಜತೆ ಗುದ್ದಾಡುತ್ತಿದ್ದಳು. ತುಕ್ಕು ಹಿಡಿದು ಕೂತಿದ್ದವು. ಬೇಕರಿಯ ರಾತ್ರಿ ಪಾಳಿ ಮುಗಿಸಿ ಬಂದ ಗಂಡ, ಹುಬ್ಬಿನ ಮೇಲೆ ಹಿಟ್ಟು ಹೊತ್ತುಕೊಂಡೇ ಬಾಗಿಲಲ್ಲಿ ನಿಂತ.

“ಅವನು ನನ್ನ ಒಡಹುಟ್ಟಿದವನು. ನೀನು ನನ್ನ ಹೆಂಡ್ತಿ. ಈ ಜಗಳದಲ್ಲಿ ನನ್ನ ಹೆಸರು ಎತ್ತಬೇಡ,” ಅಂದ. ಆಮೇಲೆ ಒಳಗೆ ಹೋಗಿ ದೊಡ್ಡ ಸ್ಪಾನರ್ ತಂದು ಅವಳ ಪಕ್ಕ ಇಟ್ಟ. ಆಮೇಲೆ ತಾನೇ ತಿರುಗಿಸಿದ. ಕುರ್ಚಿಯ ಒಂದು ಬದಿ ಹಿಡಿದು ಹಿಂದಿನ ಬಾಗಿಲು ದಾಟಿಸಿದ.

ಎಕ್ಕದ ಗಿಡಗಳ ನಡುವೆ ಕುರ್ಚಿ ನಿಂತಿತು. ಕನ್ನಡಿಯನ್ನು ಹಳೇ ಇಟ್ಟಿಗೆಗಳಿಗೆ ಒರಗಿಸಿದಳು. ಭಾನುವಾರ ಬೇರೆ, ಗಿರಾಕಿಗಳಿಗೇನು ಬರವೇ? ಮೊದಲು ಬಂದ ಅಂಚೆಯವನು ಕೂತವನೇ ಕಾಲು ಮೇಲೆತ್ತಿಕೊಂಡ.

“ಹಾವಿದೆ ಅಂತಾರಲ್ಲ?”

“ಇದೆ. ಅದಕ್ಕೆ ಕೂದಲಿಲ್ಲ, ನಿಮ್ಮ ಸರದಿಗೆ ಅಡ್ಡ ಬರಲ್ಲ, ಕೂತ್ಕೊಳ್ಳಿ.”

ಯಂತ್ರ ಗುಡುಗುತ್ತಾ ಬಂತು. ಚಾಲಕ ಹಾರ್ನ್ ಹೊಡೆದ. ಅವಳು ತಲೆಯೆತ್ತಲಿಲ್ಲ. ಹಿಂದೆಯೇ ಭಾವ ಬಂದ. ತಲೆ ಪೂರ್ತಿ ಬೋಳು. ಮುಖ್ಯರಸ್ತೆಯ ಅಂಗಡಿಯವನಿಗೆ ಎರಡು ಬದಿ ಸರಿದೂಗಿಸಲು ಆಗಿರಲಿಲ್ಲವೆಂದು ಕಾಣುತ್ತದೆ. ಸರದಿಯಲ್ಲಿದ್ದವರು ಕೆಮ್ಮಿದರು.

“ಯಾರು ಮಾಡಿದ್ದು ಭಾವ? ಒಂದೆಳೆಯೂ ಬಿಟ್ಟಿಲ್ಲ. ನಿಮಗೆ ಹಿಡಿಸೋ ಥರವೇ ಇದೆ.”

“ಎತ್ತು ಕುರ್ಚಿ.”

“ಇದು ಸಂಘದ ಜಾಗ. ಸಂಘ ಅಂದ್ರೆ ನಾನೂ ಅಲ್ವಾ? ನನ್ನ ಪಾಲಲ್ಲಿ ನಾನು ಕೂದಲು ಕತ್ತರಿಸ್ತಿದ್ದೀನಿ.”

“ಸಭೆ ತೀರ್ಮಾನ ಮಾಡಿದೆ.”

“ಸಭೆಯಲ್ಲಿ ಆ ಹುಳು ಇರಲಿಲ್ಲ, ಜೇನು ಇರಲಿಲ್ಲ. ಅವರಿಲ್ಲದ ಹೊತ್ತಲ್ಲಿ ಅವರ ಮನೆ ಕೆಡವೋ ತೀರ್ಮಾನ ನನಗೆ ಲೆಕ್ಕಕ್ಕಿಲ್ಲ ಭಾವ. ಬಾಯಿಲ್ಲದವರ ಪರ ನಂದೊಂದು ಬಾಯಿ ಇರಲಿ. ಹೇಗೂ ದೊಡ್ಡದು ಅಂತೀರಲ್ಲ.”

ಭಾವ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ಚಾಲಕನತ್ತ ತಿರುಗಿ, “ಆ ತುದಿಯಿಂದ ಶುರು ಮಾಡಪ್ಪ. ಇಲ್ಲಿಗೆ ಬರೋ ಹೊತ್ತಿಗೆ ಇವಳ ಗಿರಾಕಿಗಳೂ ಮುಗಿದಿರ್ತಾರೆ,” ಅಂದ.

ಯಂತ್ರ ಆ ತುದಿಗೆ ಹೋಯಿತು. ತುಂಬೆ ಮೊದಲು ಹೋಯಿತು. ಹಳದಿ ಹೂವಿನ ಹಾಸು ಮಣ್ಣಿನೊಂದಿಗೆ ಮಗುಚಿಕೊಂಡಿತು. ನೆಲದೊಳಗೆ ಗೂಡು ಮಾಡಿದ್ದ ಸಣ್ಣ ಜೇನುಗಳು ಮೇಲೆದ್ದು, ಈಗಿಲ್ಲದ ಬಾಗಿಲುಗಳನ್ನು ಹುಡುಕುತ್ತಾ ಅಲ್ಲೇ ಸುತ್ತಿದವು. ಮುರಿದ ಎಕ್ಕದ ಹಾಲಿನ ವಾಸನೆ ಗಾಳಿಯಲ್ಲಿ ಇತ್ತ ಬಂತು. ಕತ್ತರಿ ಅತ್ತ ತಿರುಗಿ ನೋಡಿದಳು. ಅಂಚೆಯವನ ಹಿಂದಲೆಯ ಕೂದಲಲ್ಲಿ ಒಂದು ಗುಳಿ ಬಿತ್ತು.

ಭಾವ ಸುಮ್ಮನೆ ಸರದಿಯ ಪಕ್ಕ ಬಂದು ಕೈಕಟ್ಟಿ ನಿಂತ. ಅಷ್ಟೇ ಸಾಕಾಯಿತು. ಒಬ್ಬನಿಗೆ ಒಲೆಯ ನೆನಪಾಯಿತು, ಇನ್ನೊಬ್ಬನಿಗೆ ಫೋನ್ ಬಂತು, ಮೂರನೆಯವನು ಬರುವ ವಾರ ಬರ್ತೀನಕ್ಕ ಎಂದು ಜಾರಿಕೊಂಡ. ಅಂಚೆಯವನು ಎದ್ದು ಕೊರಳೊರೆಸಿಕೊಂಡು ಹೋದ. ಯಂತ್ರ ಅರ್ಧ ಜಾಗ ನುಂಗಿ, ಕುರ್ಚಿಯ ಮುಂದಿನ ಎಕ್ಕದ ಸಾಲಿಗೆ ಬಂದು ನಿಂತಿತು.

“ಅಕ್ಕಾ, ಕುರ್ಚಿ ಖಾಲಿ ಇದೆ,” ಚಾಲಕ ಮೇಲಿಂದ ಕೂಗಿದ. “ನಾನೇ ಇಳಿದು ಎತ್ತಿಡ್ಲಾ?”

“ಮುಟ್ಟಿ ನೋಡು.”

“ಗಿರಾಕಿ ಇಲ್ಲದ್ದು ಅಂಗಡಿಯಲ್ಲ, ಹಟ,” ಭಾವ ಅಂದ.

“ಹಟವೇ ಇರಲಿ. ನಾನಿಲ್ಲೇ ನಿಂತಿರ್ತೀನಿ.”

ಆಗ ಹಿಂದಿನ ಬಾಗಿಲು ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದು, ಗಿಡ ಹಿಡಿದು, ಕಲ್ಲು ಮುಳ್ಳು ತುಳಿಯುತ್ತಾ ಬರುತ್ತಿದ್ದಳು. ಹಿರಿಮಗ ಕೈ ಹಿಡಿಯಲು ಓಡಿದ. ಅವಳು ಆ ಕೈಯನ್ನು ಬದಿಗೆ ಸರಿಸಿ, ಕುರ್ಚಿ ಹತ್ತಿ ಕೂತು, ಉಸಿರು ಸುಧಾರಿಸಿಕೊಂಡಳು. ತುರುಬು ಬಿಚ್ಚಿದಳು. ಬಿಳಿಗೂದಲು ಕುರ್ಚಿಯ ಬೆನ್ನು ದಾಟಿ ಕೆಳಗಿಳಿಯಿತು. ಸೊಸೆ ಅದು ಬಿಚ್ಚಿದ್ದನ್ನು ನೋಡಿದ್ದು ಅದೇ ಮೊದಲು.

“ಏನಮ್ಮಾ ಇದು! ಏಳು ಮೇಲೆ. ನಿನಗೋಸ್ಕರಾನೇ ತಾನೇ ಇಷ್ಟೆಲ್ಲ...”

“ನನಗೋಸ್ಕರ ಅಂತ ಇನ್ನೊಂದು ಸಲ ಅಂದ್ರೆ ನೋಡು. ನನಗೆ ಏನು ಬೇಕು ಅಂತ ಹೇಳೋಕೆ ನನಗೆ ಬಾಯಿದೆ. ಅವತ್ತು ಸಭೆಯಲ್ಲಿ ಎದ್ದ ಕೈ ನಂದು ತಾನೇ? ಇಗೋ, ಇಳಿಸಿದ್ದೀನಿ. ಏ ಡ್ರೈವರಪ್ಪ, ಆ ಗುಡುಗು ನಿಲ್ಸು. ಕೂದಲು ಕತ್ತರಿಸೋವಾಗ ತಲೆ ಅಲುಗಾಡಬಾರದು.”

ಚಾಲಕ ಭಾವನನ್ನು ನೋಡಿದ, ಅಜ್ಜಿಯನ್ನು ನೋಡಿದ. ಎಂಜಿನ್ ನಿಂತಿತು. ಉಳಿದ ಅರ್ಧ ಜಾಗದ ಹುಳುಹುಪ್ಪಟೆಯ ಸದ್ದೆಲ್ಲ ಒಮ್ಮೆಲೇ ಕೇಳತೊಡಗಿತು.

“ಎಷ್ಟು ಕತ್ತರಿಸಲಿ ಅತ್ತೆ?” ಕತ್ತರಿ ಬಾಚಣಿಗೆ ಕೈಗೆತ್ತಿಕೊಂಡಳು.

“ತುದಿ ಸಾಕು. ಆದ್ರೆ ಗೊಂಚಲು ಹಿಡೀಬೇಡ. ಒಂದೊಂದೇ ಎಳೆ.”

“ಸಂಜೆಯಾಗುತ್ತೆ.”

“ಆಗಲಿ. ಮುಗೀದಿದ್ರೆ ನಾಳೆ. ನಾಳೆ ಮುಗೀದಿದ್ರೆ ನಾಡಿದ್ದು. ಇವನು ಬೇಕಾದ್ರೆ ಅಲ್ಲೀವರೆಗೂ ನಿಂತಿರಲಿ, ತಲೆಗೆ ಬಿಸಿಲು ಬಡಿಯುತ್ತೆ ಅಷ್ಟೆ.”

ಕತ್ತರಿ ಬಿಳಿ ಬಟ್ಟೆ ಹೊದಿಸಿ ಗಂಟು ಹಾಕಿದಳು. ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು, ತುದಿ ಕತ್ತರಿಸಿದಳು. ಅದು ಬೀಳುವವರೆಗೂ ಕಾದು, ಇನ್ನೊಂದನ್ನು ಎತ್ತಿಕೊಂಡಳು.