ಹದಿನೈದನೆಯ ಅರ್ಜಿ

"ಮಡಚಬೇಡಿ, ಸುತ್ತಿಡಿ," ಎಂದು ಮೇಷ್ಟ್ರ ಹೆಂಡತಿ ನಕಾಶೆ ಇಳಿಸುತ್ತಿದ್ದವರ ಕೈ ಹಿಡಿದಳು. ಹಜಾರದಲ್ಲಿ ಜನ ಕೂರಲು ಗೋಡೆಯ ಬದಿ ತೆರವಾಗಬೇಕಿತ್ತು. ಮಡಚಿದರೆ ದೇಶದ ನಡುವೆ ಇಲ್ಲದ ಗೆರೆ ಮೂಡುತ್ತದೆಂದು ಮೂವತ್ತು ವರ್ಷ ರೇಗಿದ ಭೂಗೋಳದ ಮೇಷ್ಟ್ರು ಈಗ ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದ್ದು ತೆಪ್ಪಗೆ ಮಲಗಿದ್ದರು.

ಓಡಾಟವೆಲ್ಲ ಗುಮಾಸ್ತನದೇ. ಶಾಲೆಯಲ್ಲಿ ಪ್ರವೇಶದ ಅರ್ಜಿ ನೋಡಿಕೊಳ್ಳುವವನು, ಮೇಷ್ಟ್ರ ಜೀವದ ಗೆಳೆಯ. ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು, ಬಾಯಿಮಾತಿಗಲ್ಲ. ವಾಹನಕ್ಕೆ ಹೇಳಿದ್ದು, ಕುರ್ಚಿ ತರಿಸಿದ್ದು ಅವನೇ. ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ.

*

ಹೋದ ವರ್ಷ ಮೇಷ್ಟ್ರು ರಜೆಯಿಡೀ ಮನೆಮನೆ ಅಲೆದಿದ್ದರು. ಹನ್ನೊಂದನೆಯ ತರಗತಿಯಲ್ಲಿ ಭೂಗೋಳ ತೆಗೆದುಕೊಳ್ಳುವವರು ಹದಿನೈದು ಮಂದಿ ಇಲ್ಲದಿದ್ದರೆ ವಿಭಾಗವೇ ಬಂದ್. ಅದನ್ನು ಓದಿ ಯಾರು ಉದ್ಧಾರವಾಗಿದ್ದಾರೆ ಎಂದವರ ಬಾಗಿಲಲ್ಲೇ ಚಪ್ಪಲಿ ಸವೆಸಿ, ಹೇಗೋ ಹದಿನೈದು ಮಕ್ಕಳನ್ನು ಒಪ್ಪಿಸಿ ಬಂದರು. ಕೊನೆಗೆ ಉಳಿದ ಅರ್ಜಿ ಹದಿನಾಲ್ಕು.

ಒಂದೇ ಒಂದರ ಕೊರತೆಗೆ ವಿಭಾಗ ಮುಚ್ಚಿತು. ಆ ಕೋಣೆಗೆ ಕಂಪ್ಯೂಟರುಗಳು ಬಂದವು, ಕಲಿಸಲು ಗುಮಾಸ್ತನ ಸೊಸೆ ಬಂದಳು. ಮೇಷ್ಟ್ರನ್ನು ಗ್ರಂಥಾಲಯದಲ್ಲಿ ಕೂರಿಸಿದರು.

"ನನ್ನ ಪಾಠವೇ ಸಪ್ಪೆ ಕಣೇ. ಕೊನೆಯ ಮನೆಯ ಆ ಹುಡುಗಿ ಬಂದೇ ಬರ್ತೀನಿ ಅಂದಿದ್ದಳು, ಅವಳಿಗೂ ಬೇಡವಾಯ್ತು ನೋಡು," ಎಂದರು ಒಂದು ದಿನ. ಆಮೇಲೆ ಅವರಿಗೆ ಊಟ ಸೇರಲಿಲ್ಲ.

*

ಆ ಹುಡುಗಿ ಈಗ ಹೊಸಿಲಲ್ಲಿ ನಿಂತಿದ್ದಳು. ಶಾಲೆಯ ಚೀಲ ಇನ್ನೂ ಹೆಗಲಲ್ಲಿತ್ತು. ಯಾಕಮ್ಮ ಹಾಗೆ ಮಾಡಿದೆ ಎಂದು ಮೇಷ್ಟ್ರ ಹೆಂಡತಿ ಮೆಲ್ಲಗೆ ಕೇಳಿದಳು.

"ನಾನು ಭೂಗೋಳ ಅಂತಲೇ ಬರೆದಿದ್ದೆ ಅಮ್ಮಾ. ಭರ್ತಿಯಾಗಿದೆ, ಜಾಗ ಇಲ್ಲ ಅಂತ ಗುಮಾಸ್ತರೇ ಹೊಡೆದುಹಾಕಿ ವಾಣಿಜ್ಯ ಅಂತ ಬರೆದ್ರು. ಸಾರ್ ಕೇಳಿದ್ರೆ ಹೇಳ್ತಿದ್ದೆ. ಅವರು ಕೇಳಲೇ ಇಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತನ್ನ ಪಾಠವೇ ಸಪ್ಪೆ ಎಂದುಕೊಂಡೇ ಆ ಜೀವ ಹೋಯಿತಲ್ಲ.

ಬೀದಿಯ ತುದಿಯ ವಾಹನದವರೆಗೆ ಚಟ್ಟ ಹೊರಲು ನಾಲ್ವರು ಬಗ್ಗಿದರು. ಮುಂದಿನ ಮೂಲೆಯಲ್ಲಿ ಗುಮಾಸ್ತ.

"ನೀವು ಬಿಡಿ, ಗುಮಾಸ್ತರೇ."

ಅಣ್ಣಾ ಎಂಬುದು ಇಲ್ಲದ್ದು ಅವನಿಗೆ ತಟ್ಟಿತು. ಹುಡುಗಿಯನ್ನು ನೋಡಿದ, ತಲೆ ತಗ್ಗಿಸಿದ. "ಒಬ್ಬರು ಕಡಿಮೆ ಆಗ್ತಾರೆ ತಂಗೀ," ಎಂದ.

"ಅವರಿಗೆ ಅಭ್ಯಾಸ ಇದೆ."

ಹುಡುಗಿ ಚೀಲ ಇಳಿಸಿ ಆ ಮೂಲೆಗೆ ಹೆಗಲು ಕೊಟ್ಟಳು. ಉಳಿದ ಮೂವರಿಗಿಂತ ಅವಳು ಗಿಡ್ಡ. ಮೇಷ್ಟ್ರು ಅವಳ ಕಡೆಗೇ ವಾಲಿಕೊಂಡು ಬೀದಿ ದಾಟಿದರು.