ಹೆಬ್ಬೆಟ್ಟಿನ ಇಟ್ಟಿಗೆ

"ಏಣಿ ಮುಟ್ಟಬ್ಯಾಡಬೇ ರಂಡಿ! ಅಲ್ಲೇ ಇಳಿಸು ಬುಟ್ಟಿ, ಅಲ್ಲೇ!"

ಮಾಳಿಗೆಯ ಅಂಚಿಗೆ ಬಂದು ಧಣಿಯ ಹೆಂಡತಿ ಚನ್ನವೀರಮ್ಮ ಕೂಗಿದಳು. ಸತ್ಯಮ್ಮ ಏಣಿ ಮುಟ್ಟಿರಲಿಲ್ಲ. ಏಣಿಯ ನೆರಳು ಅವಳ ಪಾದದ ಮೇಲೆ ಬಿದ್ದಿತ್ತು, ಅಷ್ಟೆ. ಸೌಳು ಮಣ್ಣಿನ ಬುಟ್ಟಿ ಹೊತ್ತು ಧಣಿಯ ಅಂಗಳದ ಅಂಚಿನಲ್ಲಿ ನಿಂತು ಅವಳ ಕುತ್ತಿಗೆ ಮರಗಟ್ಟಿತ್ತು. ಅದು ಒಬ್ಬರೇ ಎತ್ತುವ, ಒಬ್ಬರೇ ಇಳಿಸುವ ಬುಟ್ಟಿಯಲ್ಲ. ಎದುರಿಗೆ ನಿಂತು ಒಬ್ಬರು ಕೈ ಕೊಡಬೇಕು. ಈ ಅಂಗಳದಲ್ಲಿ ಅವಳ ಬುಟ್ಟಿಗೆ ಕೈ ಕೊಡುವವರು ಯಾರಿದ್ದಾರೆ? ಮೊಣಕಾಲು ಮಡಚಿ, ತಲೆ ಓರೆ ಮಾಡಿ ಬುಟ್ಟಿಯನ್ನು ಜಾರಿಸಿದಳು. ಅರ್ಧ ಸೌಳು ನೆಲಕ್ಕೆ ಚೆಲ್ಲಿತು.

"ಚೆಲ್ಲಿದೇನು? ನಿಮ್ಮಪ್ಪ ಗಳಿಸಿಟ್ಟಾನೇನಬೇ? ಬಳಿ, ಎಲ್ಲಾ ಬಳಿ. ಬಳದು ಹಿಂದ ಹೊಸಾ ಕೊಟಿಗ್ಯಾಗ ಸೆಗಣಿ ತಗದು ಹೋಗು. ಕೆಲಸದಾಕಿಗೆ ಜರ ಬಂದೈತಿ."

"ಹೂನ್ರಿ ಯವ್ವಾ."

ಸೌಳು ಬಿಳಿ ಬಿಳಿ ಉಪ್ಪುಮಣ್ಣು. ಆ ಸೀಮೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮುಂಗಾರಿಗೆ ಮೊದಲು ಮಾಳಿಗೆಯ ಮೇಲೆ ಒಂದು ಗೇಣು ಸೌಳು ಹರವಿ ತುಳಿದರೆ ಎಂಥ ಮಳೆ ಬಂದರೂ ಒಂದು ಹನಿ ಕೆಳಗಿಳಿಯುವುದಿಲ್ಲ. ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯ ಆ ಊರಿನಲ್ಲಿ ಸೌಳು ಅಗೆದು ಹೊತ್ತು ಹಾಕುವುದು ಕೇರಿಯಲ್ಲಿ ಸತ್ಯಮ್ಮನ ಮನೆತನದ ಪಾಲಿಗೆ ಬಂದ ಕೆಲಸ. ಹಳ್ಳದ ದಂಡೆಯಲ್ಲಿ ಹಾರೆಯಿಂದ ಅಗೆದು, ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುವಳು. ಚುರ್ ಅಂದರೆ ತರುವುದು, ಸಪ್ಪಗಿದ್ದರೆ ಅಲ್ಲೇ ಚೆಲ್ಲುವುದು. ಊರಿನ ಅಷ್ಟೂ ಮಾಳಿಗೆಗಳು ಸೋರದೆ ನಿಂತದ್ದು ಆ ನಾಲಿಗೆಯಿಂದ. ಆದರೆ ಮಾಳಿಗೆ ಹತ್ತಿ ತುಳಿಯಲು ಬೇರೆ ಜನ. ಕೆಳಗೆ ದೇವರ ಕೋಣೆ ಇರುತ್ತದೆ. ಅದರ ಮೇಲೆ ಇವಳ ಕಾಲು ಬೀಳಬಾರದು.

ಇವಳದು ಜೋಳದ ಸೊಪ್ಪೆಯ ಗುಡಿಸಲು. ಮಳೆ ಬಂದರೆ ಗಂಡ ಮಾರೆಣ್ಣ ಒಂದು ಮೂಲೆ, ಇವಳೊಂದು ಮೂಲೆ ಮೊರ ಹಿಡಿದು ಕೂರುವುದು.

ಹೋದ ಚಳಿಗಾಲದಲ್ಲಿ ಬಳ್ಳಾರಿಯಿಂದ ಜೀಪಿನಲ್ಲಿ ಸಾಹೇಬರು ಬಂದಿದ್ದರು. ಕೇರಿಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ, ಎದುರಿಗೆ ಕಬ್ಬಿಣದ ಒಂದು ಯಂತ್ರ ಇಳಿಸಿದರು. ಡಬ್ಬದಂಥ ಬಾಯಿ, ಆಳುದ್ದದ ಹಿಡಿಕೆ. ಡಬ್ಬಕ್ಕೆ ಮಣ್ಣು ತುಂಬಿ ಇಬ್ಬರು ಹಿಡಿಕೆ ಜಗ್ಗಿದರೆ ಗಟ್ಟಿ ಇಟ್ಟಿಗೆ ಹೊರಬೀಳುತ್ತಿತ್ತು.

"ಇದನ್ನು ಸುಡಬೇಕಾಗಿಲ್ಲ," ಎಂದಿದ್ದರು ಸಾಹೇಬರು. "ಭಟ್ಟಿ ಬೇಡ, ಸೌದೆ ಬೇಡ, ಒಂದು ಮರವನ್ನೂ ಕಡಿಯಬೇಕಾಗಿಲ್ಲ. ಬೇಸಿಗೆಯಲ್ಲಿ ತಂಪು. ಹನ್ನೆರಡು ಮನೆಗಳಿಗೆ ಸರಕಾರ ಹಣ ಕೊಡುತ್ತದೆ. ನಿಮ್ಮ ದುಡಿಮೆಯೇ ನಿಮ್ಮ ಪಾಲು."

ಗುಡ್ಡದ ಬುಡದ ಕೆಂಪು ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ, ಸಾಹೇಬರ ಜೊತೆಗೆ ಬಂದ ಓವರ್‌ಸೀಯರ್ ತೋರಿಸಿದ್ದ. ಸಿಮೆಂಟು ಬೀಳುವ ಮೊದಲೇ ಸತ್ಯಮ್ಮ ಮುಂದೆ ಬಂದು ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಾಕಿಕೊಂಡಿದ್ದಳು.

"ನಿಲ್ಲತೈತ್ರಿ ಇದು."

ಸಾಹೇಬರು ನಕ್ಕು ಫೋಟೋ ತೆಗೆಸಿದ್ದರು. ಕೆಲಸದ ಗುತ್ತಿಗೆ ಧಣಿ ಗವಿಸಿದ್ದಪ್ಪನಿಗೆ ಆಯಿತು. ಊರಲ್ಲಿ ಇನ್ಯಾರಿಗೆ ಆಗುತ್ತದೆ?

ಎರಡು ತಿಂಗಳು ಕೇರಿ ನಿದ್ದೆ ಕಾಣಲಿಲ್ಲ. ಹಗಲು ಧಣಿಯ ಗದ್ದೆ, ಹೊತ್ತು ಇಳಿದ ಮೇಲೆ ಇಟ್ಟಿಗೆ. "ನಿಮ್ಮ ನಿಮ್ಮ ಇಟ್ಟಿಗಿಗೆ ಗುರ್ತು ಹಾಕ್ರಲೇ, ನಾಳೆ ನಂದು ನಿಂದು ಅಂತ ಬಡದಾಡಬ್ಯಾಡ್ರಿ," ಎಂದಿದ್ದ ಓವರ್‌ಸೀಯರ್. ಪಕ್ಕದ ಗುಡಿಸಲಿನ ಮುದುಕಿ ಎರ್ರಮ್ಮ ಕಡ್ಡಿಯಿಂದ ಎರಡು ಗೀರು ಎಳೆದಳು. ಸತ್ಯಮ್ಮ ಹಸಿ ಇಟ್ಟಿಗೆಯ ನಡುವೆ ಬಲಗೈ ಹೆಬ್ಬೆಟ್ಟು ಒತ್ತಿದಳು. ಕುಡುಗೋಲು ತಾಗಿ ಸೀಳಿದ್ದ ಹೆಬ್ಬೆಟ್ಟು ಅದು. ಅಡ್ಡಕ್ಕೆ ಒಂದು ಬರೆ ಬಿದ್ದಿತ್ತು. ಒತ್ತಿದಲ್ಲೆಲ್ಲ ಆ ಬರೆಯೂ ಮೂಡುತ್ತಿತ್ತು. ಎಳೆ ಕೂಸಿಗೆ ಮಾಡಿದಂತೆ ಇಟ್ಟಿಗೆಗಳಿಗೆ ಹಸಿ ಹುಲ್ಲು ಹೊದಿಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ನೆರಳಲ್ಲಿ ಒಣಗಿಸಿದರು.

ಒಂದು ದಿನ ಗದ್ದೆಯಿಂದ ಬಂದು ನೋಡಿದರೆ ಒಂದೂ ಇರಲಿಲ್ಲ.

"ಬಳ್ಳಾರಿಗೆ ಪರೀಕ್ಷಿಗೆ ಹೋದವು," ಎಂದ ಗವಿಸಿದ್ದಪ್ಪ. "ಹೊಸಾ ಮಣ್ಣು ಬರತೈತಿ, ಹೊಸಾವು ಹೊಡೀರಿ."

ಹೊಸ ಮಣ್ಣು ಬಂದದ್ದು ಕಾಲುವೆ ಬದಿಯ ಅವನ ಹೊಲದಿಂದಲೇ. ಕರ್ರಗಿನ ಎರೆ. ಅಗೆದಷ್ಟೂ ಅವನಿಗೆ ಪುಕ್ಕಟೆ ಕೆರೆಯಾಗುತ್ತಿತ್ತು. ಸಿಮೆಂಟಿನ ಚೀಲಗಳು ಬಳ್ಳಾರಿಯ ಬ್ರೂಸ್‌ಪೇಟೆಗೆ ಮಾರಾಟಕ್ಕೆ ಹೋದವೆಂದು ಬಂಡಿಯವರು ಮಾತಾಡಿಕೊಂಡರು. ಸತ್ಯಮ್ಮ ಆ ಮಣ್ಣನ್ನೂ ನಾಲಿಗೆಗೆ ಹಚ್ಚಿದಳು, ಉಗುಳಿದಳು.

"ಧಣೇರ, ಎರಿ ಮಣ್ಣು ನೀರು ಕುಡದು ಉಬ್ಬತೈತ್ರಿ, ಬಿಸಲಿಗೆ ಬಿರಿತೈತಿ. ಇದರಾಗ ಗ್ವಾಡಿ ನಿಲ್ಲಂಗಿಲ್ರಿ."

ಗವಿಸಿದ್ದಪ್ಪ ಹತ್ತಿರ ಬಂದ. ಮುಟ್ಟಲು ಹೇಸುವ ಕೈ ಹೊಡೆಯಲು ಹೇಸಲಿಲ್ಲ.

"ಮಣ್ಣು ನೆಕ್ಕೋ ಬೋಸುಡಿ, ನೀ ನನಗ ಹೇಳಾಕಿ? ಸರಕಾರ ಬಿಟ್ಟಿ ಮನಿ ಕೊಡ್ತೈತಿ ಅಂದ್ರ ಅರಮನಿ ಬೇಕೇನಲೇ ನಿಮಗ?"

ಓವರ್‌ಸೀಯರ್ ಟೇಪು ಸುತ್ತುತ್ತ ಬೇರೆ ಕಡೆ ನೋಡುತ್ತಿದ್ದ. "ಮಣ್ಣು ಮಣ್ಣೇ ತಗೀಬೇ, ಸುಮ್ನ ಹೊಡಿ," ಎಂದ.

ಹೊಡೆದರು. ಹನ್ನೆರಡು ಮನೆ ನಿಂತವು. ಬೇಸಿಗೆ ಬರುವಷ್ಟರಲ್ಲಿ ಗೋಡೆಗಳಲ್ಲಿ ಕೈ ತೂರುವಷ್ಟು ಬಿರುಕು. ಹೆಚ್ಚಿನವರು ಗುಡಿಸಲಲ್ಲೇ ಉಳಿದರು.

ಇದೆಲ್ಲ ಬುಟ್ಟಿಯೊಳಗಿನ ಭಾರದಂತೆ ಸತ್ಯಮ್ಮನ ಜೊತೆಗೇ ಇತ್ತು. ಚೆಲ್ಲಿದ ಸೌಳು ಬಳಿದಿಟ್ಟು ಅವಳು ಧಣಿಯ ಹಿತ್ತಲಿಗೆ ಹೋದಳು. ಹೊಸ ಕೊಟ್ಟಿಗೆಯನ್ನು ಒಳಗಿಂದ ನೋಡಿದ್ದು ಅಂದೇ ಮೊದಲು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ತಂಪು. ಎಮ್ಮೆಗಳು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದವು. ಸೆಗಣಿ ಬಳಿದು, ಬಗ್ಗಿದ ಬೆನ್ನು ನೆಟ್ಟಗೆ ಮಾಡಲು ಗೋಡೆಗೆ ಕೈಯೂರಿದಳು. ಬೆರಳಿಗೆ ಒಂದು ಕುಳಿ ಸಿಕ್ಕಿತು. ಅವಳ ಹೆಬ್ಬೆಟ್ಟು ಅದರಲ್ಲಿ ಸರಿಯಾಗಿ ಕೂತಿತು.

ಕೈ ತೆಗೆದು ನೋಡಿದಳು. ಅಡ್ಡ ಬರೆ. ಪಕ್ಕದ ಇಟ್ಟಿಗೆಯಲ್ಲೂ ಅದೇ. ಮೇಲಿನದರಲ್ಲಿ ಎರಡು ಗೀರು, ಎರ್ರಮ್ಮನದು. ಗೋಡೆಯುದ್ದಕ್ಕೂ ಇಡೀ ಕೇರಿಯ ಗುರುತುಗಳಿದ್ದವು. ಎಮ್ಮೆಯೊಂದು ಅವುಗಳಿಗೆ ಮೈ ತಿಕ್ಕಿಕೊಳ್ಳುತ್ತಿತ್ತು. ಗಿಲಾವು ಮಾಡಿರಲಿಲ್ಲ. ಯಾರು ನೋಡುತ್ತಾರೆ, ನೋಡಿದರೆ ತಾನೇ ಏನು ಎಂಬ ಧೈರ್ಯ.

ಸಂಜೆ ಮಾರೆಣ್ಣ ಬಂದಾಗ ಅವಳು ಒಲೆ ಹಚ್ಚಿರಲಿಲ್ಲ. ಅವನು ಧಣಿಯ ಮನೆಯ ಜೀತದಾಳು. ಬಂಡಿ ಹೊಡೆಯುವುದೂ ಕೊಟ್ಟಿಗೆ ನೋಡುವುದೂ ಅವನದೇ ಕೆಲಸ.

"ಇಟ್ಟಿಗಿ ಬಂಡಿ ನೀನs ಹೊಡದಿ?"

ಮಾರೆಣ್ಣ ತಲೆಯ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಧಣಿ ಅಂದ, ಹೊಡದೆ."

"ನನ್ನ ಹೆಬ್ಬೆಟ್ಟು ಕಾಣಲಿಲ್ಲ ನಿನ್ನ ಕಣ್ಣಿಗೆ?"

"ಕಂಡಿತು."

"ಕಂಡೂ ಬಾಯಾಗ ಏನ್ ಇಟಗೊಂಡಿದ್ದಿ? ಧಣೀ ಉಚ್ಚಿ?"

"ಏನ್ ಮಾಡ್ಬೇಕಿತ್ತಲೇ? ಹೇಳು! ನಮ್ಮಪ್ಪ ಅವ್ರ ಕೊಟಿಗ್ಯಾಗ ಸತ್ತ, ನಾನೂ ಅಲ್ಲೇ ಸಾಯಾವ. ನಾಕು ಗ್ವಾಡಿ ಸಲುವಾಗಿ ಕಾಲು ಮುರಿಸಿಕೊಳ್ಳಲೇನು?"

ಸತ್ಯಮ್ಮ ಎದ್ದು ಒಲೆ ಹಚ್ಚಿದಳು.

ನಾಲ್ಕನೆಯ ದಿನ ಅಡ್ಡಮಳೆ ಬಂತು. ಒಂದೇ ಗಳಿಗೆ ಹೊಡೆದು ಹೋದ ಮಳೆ. ಅಷ್ಟಕ್ಕೇ ಎರ್ರಮ್ಮನ ಹೊಸ ಮನೆಯ ಹಿಂದಿನ ಗೋಡೆ ಕಲಸಿದ ರೊಟ್ಟಿ ಹಿಟ್ಟಿನಂತೆ ಕುಸಿದು ಕೂತಿತು. ಅಡಿಯಲ್ಲಿ ಅವಳ ಗಬ್ಬದ ಮೇಕೆ ಇತ್ತು. ಕರಿ ಕೆಸರು ಬಗೆದು ಎಳೆಯುವಾಗ ಮುದುಕಿ ಅಳಲಿಲ್ಲ. "ನಾ ಅಲ್ಲೇ ಮಕ್ಕೊಂಬಾಕಿದ್ನೆಲೇ, ಸತ್ಯಿ. ಈ ಮೇಕಿ ಜಾಗದಾಗ ನಾ ಮಕ್ಕೊಂಬಾಕಿದ್ದೆ," ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು.

ಮಾರನೆಯ ವಾರ ಸಾಹೇಬರು ಬರುತ್ತಾರೆಂದು ಡಂಗುರವಾಯಿತು. ಕೊನೆಯ ಕಂತು ಬಿಡುಗಡೆಯಾಗಬೇಕು. ಅದಕ್ಕೆ ಹನ್ನೆರಡು ಮನೆಯವರೂ ಕಾಗದಕ್ಕೆ ಹೆಬ್ಬೆಟ್ಟು ಹಾಕಬೇಕು. ಗವಿಸಿದ್ದಪ್ಪನ ಆಳುಗಳು ಬಿರುಕಿಗೆ ಹುಲ್ಲು ತುರುಕಿ ಮೇಲೆ ಸುಣ್ಣ ಬಳಿದರು. ಎರ್ರಮ್ಮನ ಕುಸಿದ ಗೋಡೆಗೆ ಅಡ್ಡವಾಗಿ ಎರಡು ಬಿದಿರು ನೆಟ್ಟು, ಸಾಹೇಬರಿಗೆ ಸ್ವಾಗತ ಬರೆದ ಬಟ್ಟೆ ಕಟ್ಟಿದರು.

ಬೇವಿನ ಮರದ ಕೆಳಗೆ ಮೇಜು. ಮೇಜಿನ ಮೇಲೆ ಕಾಗದ, ಮಸಿಯ ಡಬ್ಬಿ, ಸಾಹೇಬರಿಗೆಂದು ಧಣಿಯ ಮನೆಯಿಂದ ಬಂದ ಗಾಜಿನ ಲೋಟದಲ್ಲಿ ನೀರು. ಓವರ್‌ಸೀಯರ್ ಓದಿದ: "ಮನೆ ಪೂರ್ಣಗೊಂಡಿದೆ, ವಾಸಕ್ಕೆ ಯೋಗ್ಯವಾಗಿದೆ, ನಮ್ಮ ತಕರಾರೇನೂ ಇರುವುದಿಲ್ಲ." ಒಬ್ಬೊಬ್ಬರೇ ಬಂದು ಒತ್ತಿದರು. ಎರ್ರಮ್ಮನೂ ಬಂದು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಆ ಬಟ್ಟೆಯ ಕಡೆ ಒಮ್ಮೆ ನೋಡಿ ಹೋಗಿ ಕೂತಳು.

"ಸತ್ಯಮ್ಮ, ಮಾರೆಣ್ಣನ ಹೆಂಡತಿ."

ಅವಳು ಖಾಲಿ ಬುಟ್ಟಿ, ಹಾರೆ ಹಿಡಿದೇ ಬಂದಿದ್ದಳು. ಸೌಳಿಗೆ ಹೊರಟವಳೆಂದುಕೊಂಡು ಯಾರೂ ಏನೂ ಕೇಳಿರಲಿಲ್ಲ. ಎರಡನ್ನೂ ಕೆಳಗಿಟ್ಟಳು.

"ನಂದು ಒತ್ತಿ ಆಗೈತ್ರಿ."

ಸಾಹೇಬರು ಕಾಗದ ನೋಡಿದರು. "ಎಲ್ಲಿ? ಇಲ್ಲಿ ಖಾಲಿ ಇದೆಯಲ್ಲಮ್ಮ."

"ಕಾಗದದಾಗ ಅಲ್ರೀ. ಧಣೇರ ಕೊಟಿಗ್ಯಾಗ ಒತ್ತೀನಿ. ಎಲ್ಲಾ ಇಟ್ಟಿಗಿ ಮ್ಯಾಗೂ ಒತ್ತೀನಿ. ಬರ್ರಿ, ತೋರಸ್ತೀನಿ."

ಗವಿಸಿದ್ದಪ್ಪ ನಗುತ್ತಲೇ ಅವಳ ಪಕ್ಕಕ್ಕೆ ಬಂದ. ನಗುತ್ತಲೇ, ಅವಳಿಗಷ್ಟೇ ಕೇಳುವಂತೆ ಅಂದ: "ಒತ್ತಬೇ ಸೂಳಿ. ಇಲ್ಲಂದ್ರ ನಿನ್ನ ಗಂಡನ ಚರ್ಮ ಸುಲದು ಅದೇ ಕೊಟಿಗಿ ಬಾಗಲಿಗೆ ಕಟ್ತೀನಿ." ಆಮೇಲೆ ಗಟ್ಟಿಯಾಗಿ: "ಸಾಹೇಬ್ರ, ಇದಕ್ಕ ತಲಿ ಕೆಟ್ಟೈತ್ರಿ. ಮಣ್ಣು ತಿಂತೈತಿ, ನೀವs ನೋಡೀರಲ್ಲ."

"ನೋಡಮ್ಮ, ಇನ್ನೊಂದು ಹಳ್ಳಿಗೆ ಹೋಗಬೇಕು," ಎಂದು ಸಾಹೇಬರು ಕೈಗಡಿಯಾರ ನೋಡಿಕೊಂಡರು. "ನಿನ್ನ ತಕರಾರನ್ನು ಬರೆದುಕೊಡು, ಆಮೇಲೆ ವಿಚಾರಿಸೋಣ. ಈಗ ಹೆಬ್ಬೆಟ್ಟು ಹಾಕು."

ಸತ್ಯಮ್ಮ ಹಿಂದಕ್ಕೆ ಹೋದಳು. ತನ್ನ ಹೊಸ ಮನೆಯ ಮೂಲೆಗೆ ಕೈ ಹಾಕಿ ಸುಣ್ಣದ ಸಮೇತ ಒಂದು ಹಿಡಿ ಗೋಡೆ ಕಿತ್ತಳು. ಮೇಜಿನ ಹತ್ತಿರ ಬಂದು ಅದನ್ನು ಗಾಜಿನ ಲೋಟದೊಳಗೆ ಹಾಕಿದಳು. ಧಣಿಯ ಮನೆಯ ಲೋಟ. ಸುತ್ತ ನಿಂತ ಕೇರಿಯವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಹೆಂಟೆ ಗುಳುಗುಳು ಎಂದಿತು, ಬಿರಿಯಿತು, ನೋಡನೋಡುತ್ತಿದ್ದಂತೆ ಲೋಟದ ತುಂಬ ಕರಿ ರಾಡಿಯಾಯಿತು.

"ಕುಡೀರಿ," ಎಂದಳು. "ಇದು ನಿಮ್ಮ ಮನಿ. ವಾಸಕ್ಕ ಯೋಗ್ಯ ಐತಿ."

ಬುಟ್ಟಿ ಹಾರೆ ಎತ್ತಿಕೊಂಡು ಊರೊಳಗೆ ನಡೆದಳು. ಹಿಂದೆ ಗವಿಸಿದ್ದಪ್ಪ ಅವಳ ತಾಯಿ, ಅಜ್ಜಿ, ಹುಟ್ಟಿದ ಹೊಟ್ಟೆ ಎಲ್ಲವನ್ನೂ ಹಿಡಿದು ಬೈಯುತ್ತಿದ್ದ. ಸಾಹೇಬರ ಮುಂದೆ ಓಡಿಬರಲಾರದೆ ಅಲ್ಲೇ ಒಂದಿಷ್ಟು ತಡೆದ.

ಅಷ್ಟು ಸಾಕಾಯಿತು. ಹಿತ್ತಲಿಗೆ ಹೋಗಿ ಕೊಟ್ಟಿಗೆಯ ಗೋಡೆಗೆ ಹಾರೆ ಹಾಕಿದಳು. ಇಟ್ಟಿಗೆ ಗಟ್ಟಿಯಿತ್ತು, ನಡುವೆ ಇದ್ದದ್ದು ಬರೀ ಕೆಸರು. ಮೀಟಿದರೆ ಇಟ್ಟಿಗೆ ಇಡಿಯಾಗಿ ಬರುತ್ತಿತ್ತು. ಹೆಬ್ಬೆಟ್ಟು ಇದ್ದದ್ದನ್ನು ಬುಟ್ಟಿಗಿಟ್ಟಳು. ಗೀರು ಇದ್ದದ್ದನ್ನು ಪಕ್ಕಕ್ಕಿಟ್ಟಳು. ಗೋಡೆಯಲ್ಲಿ ಕಂಡಿ ಬಿತ್ತು. ಕಂಡಿಯಾಚೆ ಮಾರೆಣ್ಣ ನಿಂತಿದ್ದ, ಕೈಯಲ್ಲಿ ಎಮ್ಮೆಯ ಹಗ್ಗ.

"ಏನ್ ಮಾಡಾಕತ್ತೀಲೇ? ಕೊಲ್ಲತಾರ ನಮ್ಮನ್ನ."

"ಬುಟ್ಟಿ ತುಂಬೈತಿ," ಎಂದಳು. "ಕೈ ಕೊಡು ಬಾ."

ಮಾಳಿಗೆಯ ಮೇಲಿಂದ ಚನ್ನವೀರಮ್ಮ ಕಿರುಚಿದಳು. ಓಣಿಯಲ್ಲಿ ಕಾಲುಗಳ ಸಪ್ಪಳ, ಗವಿಸಿದ್ದಪ್ಪನ ದನಿ: "ಮಾರ್ಯಾ! ಲೇ ಮಾದಿಗ ಸೂಳೆಮಗನ! ಆ ರಂಡಿ ಕೈಯಾಗಿನ ಹಾರಿ ಕಸಗೋ! ಕಸಗೊಂಡು ಮಂಡಿಗೆ ಹಾಕು!"

ಮಾರೆಣ್ಣ ಹೊರಬಂದ. ಸತ್ಯಮ್ಮ ಹಾರೆಯನ್ನು ಅವನ ಕಾಲ ಬಳಿ ಹಾಕಿದಳು. ಬಗ್ಗಿ ಬುಟ್ಟಿಯ ಒಂದು ಬದಿ ಹಿಡಿದು, ಇನ್ನೊಂದು ಬದಿಗೆ ಅವನು ಬರುವುದನ್ನು ಕಾಯುತ್ತ ಹಾಗೇ ಬಗ್ಗಿ ನಿಂತಳು. ಬುಟ್ಟಿ ಒಂದು ಬದಿಯಿಂದ ಏಳುವಂಥದ್ದಲ್ಲ. ಅವಳ ಬರಿ ಬೆನ್ನು, ಕತ್ತು ಬಿಸಿಲಿಗಿದ್ದವು. ಮೊದಲ ಆಳು ಹಿತ್ತಲ ಮೂಲೆ ತಿರುಗಿದ, ಕೈಯಲ್ಲಿ ಬಡಿಗೆ.

ಮಾರೆಣ್ಣ ಹಗ್ಗ ಬಿಟ್ಟ. ಬಗ್ಗಿದ. ಬುಟ್ಟಿಯ ಅಡಿಗೆ ಕೈ ಕೊಟ್ಟು ಒಂದೇ ಏಟಿಗೆ ಅವಳ ತಲೆಗೇರಿಸಿದ.

ಹಿಂದಿನ ದಾರಿಗೆ ಆಳುಗಳು ಅಡ್ಡ ನಿಂತಿದ್ದರು. ಸತ್ಯಮ್ಮ ಮುಂದಿನ ಅಂಗಳದ ಮೂಲಕವೇ ನಡೆದಳು, ಏಣಿಗೆ ಭುಜ ತಾಗಿಸಿಕೊಂಡು. ಏಣಿ ಜಾರಿ ಬಿದ್ದ ಸದ್ದಾಯಿತು. ಮಾಳಿಗೆಯ ಮೇಲೆ ಉಳಿದ ಚನ್ನವೀರಮ್ಮ ಕಟ್ಟಕಡೆಯ ಬೈಗುಳವನ್ನೂ ಬೈದು ಮುಗಿಸಿ, ಇಳಿಸಿಕೊಳ್ಳಿರೋ ಎಂದು ಕೂಗತೊಡಗಿದಳು.

ಗೋಡೆಯ ಕಂಡಿಯಲ್ಲಿ ಎಮ್ಮೆ ಮೂತಿ ಹೊರಗೆ ಹಾಕಿ ಮುರಿದ ಅಂಚು ನೆಕ್ಕುತ್ತಿತ್ತು. ಬಡಿಗೆಯವನು ಐದು ಮಾರು ದೂರದಲ್ಲಿ ನಿಂತಿದ್ದ, ಹಿಂದೆ ಇನ್ನೂ ನಾಲ್ವರು. ಮಾರೆಣ್ಣ ಅವರ ಕಡೆ ನೋಡಲಿಲ್ಲ. ಹಾರೆ ಎತ್ತಿಕೊಂಡು ಎಮ್ಮೆಯ ಮೂತಿಯನ್ನು ಮೆಲ್ಲಗೆ ಒಳಗೆ ತಳ್ಳಿದ. ಎರಡು ಗೀರಿನ ಇಟ್ಟಿಗೆಯೊಂದನ್ನು ಹುಡುಕಿ, ಅದರ ಸಂದಿಗೆ ಹಾರೆಯ ಮೊನೆ ಇಟ್ಟ.