ಸಿವಾ ಗ್ಲಾವಾದ ಹೆಸರಿನ ಪುಸ್ತಕ

ಎರಡನೇ ಹಾಸಿಗೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ. ಲುದ್ವಿಕ್ ಮಾಮ ಬೇಲಿಯ ಆಚೆ ಬಂದು ನಿಂತರು. ನಮ್ಮ ಕಣಿವೆಯ ಪರ್ವತ ಸಂಘಕ್ಕೆ ಮೂವತ್ತು ವರ್ಷದಿಂದ ಅವರೇ ಕಾರ್ಯದರ್ಶಿ. ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ದಪ್ಪ ಪುಸ್ತಕ, ಎಡ ಮಂಡಿಗೆ ಪಟ್ಟಿ.

ಸಿವಾ ಗ್ಲಾವಾ ಶಿಖರದ ತುದಿಯ ಪೆಟ್ಟಿಗೆಯಲ್ಲಿರುವ, ಹತ್ತಿದವರು ಹೆಸರು ಬರೆಯುವ ಪುಸ್ತಕ ತುಂಬಿಹೋಗಿದೆಯಂತೆ. ಹಾಳೆ ಮುಗಿದ ಮೇಲೆ ಜನ ರಟ್ಟಿನ ಮೇಲೆ ಬರೆದಿದ್ದಾರೆ, ರಟ್ಟೂ ಮುಗಿದ ಮೇಲೆ ಚಾಕೊಲೇಟ್ ಕಾಗದದ ಮೇಲೆ ಬರೆದು ಒಳಗೆ ತುರುಕಿದ್ದಾರೆ. ಹೊಸದನ್ನು ಮೇಲಿಟ್ಟು ಹಳೆಯದನ್ನು ಕೆಳಗೆ ತರಬೇಕು.

“ನನ್ನ ಮಂಡಿ ಈ ವಾರ ನನ್ನ ಮಾತು ಕೇಳಲ್ಲ ವೆಸ್ನಾ. ನಿಂದು ಇನ್ನೂ ಹೊಸದು. ಹೋಗಿ ಬಾ,” ಎಂದರು.

ಇನ್ನೂ ನಾಲ್ಕು ಬಟ್ಟೆ ಒಣಹಾಕುವುದಿದೆ ಎಂದೆ. ಅಷ್ಟನ್ನು ತಾವೇ ಹಾಕುವುದಾಗಿಯೂ, ಅದಕ್ಕೆ ಮಂಡಿ ಬೇಕಿಲ್ಲವೆಂದೂ ಹೇಳಿ ಅವರು ಬಕೆಟ್ಟಿಗೆ ಕೈಹಾಕಿದರು. ಅಷ್ಟರಲ್ಲಿ ನನ್ನ ಮಗಳು ಟಿಂಕಾರಾ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ಬೆಟ್ಟದ ಬೂಟು ಹಾಕಿಕೊಂಡೇ ಹೊರಗೆ ಬಂದಳು. ಅವಳಿಗೆ ಒಂಬತ್ತು ವರ್ಷ.

ನಾನು ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಅವಳಿಗೆ ಒಂದು ವಿಷಯ ಹೇಳಬೇಕಿತ್ತು. ಮನೆಯಲ್ಲಿ ಎದುರು ಬದುರು ಕೂತು ಹೇಳಲು ಆಗಿರಲಿಲ್ಲ. ನಡೆಯುವಾಗ ಇಬ್ಬರೂ ದಾರಿ ನೋಡುತ್ತಿರುತ್ತೇವೆ, ಮಾತು ತಾನಾಗಿ ಬರುತ್ತದೆ ಅಂದುಕೊಂಡೆ.

ವಿಷಯ ಇಷ್ಟು. ಅವಳ ಅಪ್ಪ ದಾಮ್ಯಾನ್ ಎರಡು ವರ್ಷದ ಹಿಂದೆ ಸೇತುವೆ ಕೆಲಸಕ್ಕೆ ನಾರ್ವೆಗೆ ಹೋದದ್ದು ನಿಜ. ಈ ಮೇ ತಿಂಗಳಲ್ಲಿ ವಾಪಸ್ ಬಂದದ್ದೂ ನಿಜ. ಆದರೆ ಬಂದದ್ದು ನಮ್ಮಲ್ಲಿಗಲ್ಲ. ಈ ಬೆಟ್ಟಸಾಲಿನ ಆಚೆ ಮಗ್ಗುಲಿನ ತೊಲ್ಮಿನ್‌ಗೆ, ಪೊಲೊನಾ ಎಂಬವಳ ಮನೆಗೆ. ಮಗಳಿಗೆ ತಾನೇ ಎದುರಿಗೆ ಕೂತು ಹೇಳುತ್ತೇನೆ, ಶಾಲೆ ಮುಗಿಯಲಿ ಎಂದ. ಆಮೇಲೆ ಜುಲೈ ಕಳೆಯಲಿ ಎಂದ. ಪ್ರತಿ ಭಾನುವಾರ ಸಂಜೆ ಫೋನ್ ಮಾಡಿ ನಾರ್ವೆಯಿಂದಲೇ ಎಂಬಂತೆ ಮಾತಾಡುತ್ತಿದ್ದ. ನಾನು ಪಕ್ಕದಲ್ಲಿ ತಟ್ಟೆ ಒರೆಸುತ್ತಿದ್ದೆ. ಮುಂದಿನ ಸೋಮವಾರ ಶಾಲೆ ಶುರು. ಊರಿನ ದೊಡ್ಡವರಿಗೆಲ್ಲ ಆಗಲೇ ಗೊತ್ತಿರುವುದು ಮಕ್ಕಳಿಗೆ ಗೊತ್ತಾಗದೆ ಇರುವುದಿಲ್ಲ. ಬೇರೆ ಯಾರ ಬಾಯಿಂದಲೋ ಕೇಳಿದರೆ, ಆಮೇಲೆ ನಾನು ಏನು ಹೇಳಿದರೂ ಅವಳು ನಂಬಲಾರಳು.

ಬೀಚ್ ಮರಗಳ ಕಾಡಿನಲ್ಲಿ ಮೊದಲ ಒಂದೂವರೆ ಗಂಟೆ ಏರು. ಮರದ ಕಾಂಡಗಳ ಮೇಲೆ ದಾರಿ ತೋರಿಸಲು ಬಳಿದ ಕೆಂಪು ಬಳೆಯೊಳಗಿನ ಬಿಳಿ ಚುಕ್ಕೆಗಳನ್ನು ಟಿಂಕಾರಾ ಎಣಿಸುತ್ತಾ ಮುಂದೆ ನಡೆದಳು. ಕೊಟ್ಟಿಗೆಗಳಿರುವ ಹುಲ್ಲುಗಾವಲು ತಲುಪಿದಾಗ ಹೇಳೋಣ ಎಂದುಕೊಂಡೆ. ಅಲ್ಲಿ ರೆಜ್ಕಾ ಅತ್ತೆ ಚೀಸ್‌ಗೆ ಹಾಲು ಕಾಯಿಸುವ ತಾಮ್ರದ ಹಂಡೆ ತಿಕ್ಕುತ್ತಿದ್ದಳು. ಒಂದೊಂದು ಬಟ್ಟಲು ಹುಳಿ ಹಾಲು ಕೊಟ್ಟು, ನನ್ನ ಬೆನ್ನ ಚೀಲ ಎತ್ತಿ ನೋಡಿದಳು.

“ಲುದ್ವಿಕ್ ತನ್ನ ಹೊರೆನ ಹೆಂಗಸರ ಬೆನ್ನಿಗೆ ಹಾಕೋದ್ರಲ್ಲಿ ಮೊದಲಿಂದ ಜಾಣ. ಮದುವೆ ಆಗಿದ್ರೆ ನನ್ನ ಬೆನ್ನಿಗೂ ಹಾಕ್ತಿದ್ದ. ಸದ್ಯ ತಪ್ಪಿಸ್ಕೊಂಡೆ.”

ಟಿಂಕಾರಾ ಹಾಲಿನ ಮೀಸೆ ಹೊತ್ತು ನಕ್ಕಳು. ರೆಜ್ಕಾ ಅತ್ತೆ ಅವಳ ತಲೆಯ ಮೇಲಿಂದ ನನ್ನನ್ನು ನೋಡಿ, ಹೇಳಿದೆಯಾ ಎಂಬಂತೆ ಹುಬ್ಬೇರಿಸಿದಳು. ನಾನು ಇಲ್ಲವೆಂದು ತಲೆಯಾಡಿಸಿ ಹೊರಟೆ.

ಮೇಲೆ ಲಾರ್ಚ್ ಮರಗಳು ತೆಳುವಾದವು, ಆಮೇಲೆ ಮೊಣಕಾಲೆತ್ತರದ ಪೈನ್ ಪೊದೆ, ಆಮೇಲೆ ಬರೀ ಸುಣ್ಣಕಲ್ಲು. ಕೆಳಗೆ ಬೋಹಿನ್ ಸರೋವರ ಅಂಗೈಯಷ್ಟು ಕಾಣುತ್ತಿತ್ತು. ಎದುರಾದವರಿಗೆಲ್ಲ ಟಿಂಕಾರಾ ನಮಸ್ಕಾರ ಹೇಳಿದಳು. ಇಷ್ಟು ಮೇಲೆ ಬಂದ ಮೇಲೆ ನಮ್ಮಲ್ಲಿ ಯಾರಿಗೂ ‘ನೀವು’ ಅನ್ನುವುದಿಲ್ಲ, ಹಾಗಾಗಿ ಒಬ್ಬ ಬಿಳಿ ಗಡ್ಡದ ಅಜ್ಜನಿಗೆ “ನಿನ್ನ ಲೇಸ್ ಬಿಚ್ಚಿದೆ ನೋಡ್ಕೊ” ಎಂದಳು. ಅವನು ಬಗ್ಗಿ ಕಟ್ಟಿಕೊಂಡು ಥ್ಯಾಂಕ್ಸ್ ಹೇಳಿದ. ಅವಳು ಖುಷಿಯಾಗಿದ್ದಳು. ಆ ಖುಷಿಯನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಕಬ್ಬಿಣದ ಹಗ್ಗ ಹಿಡಿದು ಏರುವ ಕಡೆ ಅವಳ ಹಿಂದೆಯೇ ನಿಂತು ಹೆಜ್ಜೆ ತೋರಿಸಿದೆ. ತುದಿಯಲ್ಲಿ ಕೂತು ರೊಟ್ಟಿ ತಿನ್ನುವಾಗ ಹೇಳೇ ಬಿಡುತ್ತೇನೆ ಎಂದುಕೊಂಡೆ.

ಹನ್ನೊಂದೂವರೆಗೆ ತುದಿಯಲ್ಲಿದ್ದೆವು. ಬೇರೆ ಯಾರೂ ಇರಲಿಲ್ಲ. ತಗಡಿನ ಪೆಟ್ಟಿಗೆಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು; ಚಾಕು ತೂರಿಸಿ ತೆಗೆದೆ. ಹಳೆಯ ಪುಸ್ತಕವನ್ನು ಟಿಂಕಾರಾಳ ಕೈಗೆ ಕೊಟ್ಟು, ಹೊಸದನ್ನು ಒಳಗಿಟ್ಟು, ಕೀಲಿಗೆ ಎಣ್ಣೆ ಬಿಡುತ್ತಾ ಕೂತೆ. ನಮ್ಮವರು ಯಾರೇ ಆಗಲಿ, ಆ ಪುಸ್ತಕ ಸಿಕ್ಕಿದರೆ ಕೊನೆಯಿಂದ ಹಿಂದಕ್ಕೆ ಮಗುಚಿ ಪರಿಚಯದ ಹೆಸರು ಹುಡುಕುತ್ತಾರೆ. ಅವಳೂ ಜೋರಾಗಿ ಓದುತ್ತಿದ್ದಳು: ಅಂಗಡಿಯ ಮಿಲೆನಾ ಬಂದಿದ್ದಾಳೆ, ಶಾಲೆಯ ಡ್ರೈವರ್ ಎರಡು ಸಲ ಬಂದಿದ್ದಾನೆ, ಯಾರೋ ನಾಯಿಯ ಹೆಸರನ್ನೂ ಬರೆದಿದ್ದಾರೆ.

ಆಮೇಲೆ ಓದು ನಿಂತಿತು.

ತಿರುಗಿ ನೋಡಿದೆ. ಅವಳ ಬೆರಳು ಹಾಳೆಯ ನಡುವೆ ಒಂದು ಸಾಲಿನ ಮೇಲಿತ್ತು. ಉದ್ದ ಬಾಲದ ಆ ಅಕ್ಷರಗಳನ್ನು ನಾನು ಇಷ್ಟು ದೂರದಿಂದಲೇ ಗುರುತಿಸಬಲ್ಲೆ. ‘ಭಾನುವಾರ, ಆಗಸ್ಟ್ 3. ದಾಮ್ಯಾನ್ ಓದಾರ್, ಪೊಲೊನಾ. ತೊಲ್ಮಿನ್ ಕಡೆಯಿಂದ. ಒಳ್ಳೆ ಬಿಸಿಲು.’

ಬಚ್ಚಿಟ್ಟುಕೊಂಡಿರುವ ಮನುಷ್ಯ ತನ್ನ ಹೆಸರನ್ನು ಯಾಕೆ ಬರೆದ ಎಂದು ಹೊರಗಿನವರು ಕೇಳಬಹುದು. ನಾನು ಕೇಳುವುದಿಲ್ಲ. ಐದು ವರ್ಷದ ಹುಡುಗನಾಗಿದ್ದಾಗಿನಿಂದ ಅವನು ಒಂದು ಶಿಖರದಿಂದಲೂ ಹೆಸರು ಬರೆಯದೆ ಇಳಿದವನಲ್ಲ. ಪೆಟ್ಟಿಗೆ ಕಂಡರೆ ಕೈ ತಾನಾಗಿ ಪೆನ್ನು ಹಿಡಿಯುತ್ತದೆ. ನನ್ನದೂ ಹಾಗೇ. ಈ ಪುಸ್ತಕದಲ್ಲಿ ಅವನ ಹೆಸರು ಇರಬಹುದು ಎಂದು ಬೆಳಿಗ್ಗೆಯೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಆ ಭಾನುವಾರದ ಸಂಜೆಯೂ ಅವನು ಫೋನ್ ಮಾಡಿದ್ದ. ಬೆಳಿಗ್ಗೆಯಿಂದ ಮಳೆ, ಕೆಲಸದ ಶೆಡ್ಡಿನಲ್ಲಿ ಕೂತು ಇಸ್ಪೀಟ್ ಆಡಿದೆವು, ನಾನು ಸೋತೆ ಎಂದಿದ್ದ. ಟಿಂಕಾರಾ ನಕ್ಕಿದ್ದಳು.

ಈಗ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿದ್ದು ಬೇರೆ: “ರೊಟ್ಟಿ ತಿಂತೀಯಾ ಕಂದ?”

“ಹಸಿವಿಲ್ಲ.”

ಅವಳು ಪುಸ್ತಕ ಮುಚ್ಚಿದಳು, ಚಾಕೊಲೇಟ್ ಕಾಗದಗಳನ್ನು ಒಂದೊಂದಾಗಿ ಒಳಗೆ ಸೇರಿಸಿದಳು, ಪ್ಲಾಸ್ಟಿಕ್ ಸುತ್ತಿದಳು. ನನ್ನ ಚೀಲಕ್ಕೆ ಹಾಕಲು ಕೈ ಚಾಚಿದೆ. ತಾನೇ ಹೊರುತ್ತೇನೆ ಎಂದಳು. ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ಇಬ್ಬರ ಹೆಸರನ್ನೂ ಅವಳೇ ಬರೆದಳು, ಪೆಟ್ಟಿಗೆಯಲ್ಲಿದ್ದ ಶಿಖರದ ಮುದ್ರೆ ಒತ್ತಿದಳು. ಅಕ್ಷರ ಎಂದಿಗಿಂತ ದುಂಡಗಿತ್ತು.

ಇಳಿಯುವಾಗ ಅವಳು ಎಣಿಸಲಿಲ್ಲ. ಎದುರಾದವರಿಗೆ ನಮಸ್ಕಾರ ಹೇಳುವುದನ್ನು ಮಾತ್ರ ಬಿಡಲಿಲ್ಲ. ನಾನು ಮೂರು ಸಲ ಬಾಯಿ ತೆರೆದೆ. ಒಂದು ಸಲ ನೀರು ಬೇಕಾ ಎಂದು ಕೇಳಿದೆ, ಒಂದು ಸಲ ಜಾರುತ್ತದೆ ಎಂದೆ, ಮೂರನೆಯ ಸಲ ಅವಳ ಚೀಲದ ಪಟ್ಟಿ ಸರಿಪಡಿಸಿದೆ. ರೆಜ್ಕಾ ಅತ್ತೆ ಬಾಗಿಲಲ್ಲಿ ನಿಂತು, ಏನಮ್ಮ, ನಾಲಿಗೆಯನ್ನು ಮೇಲೆ ಪೆಟ್ಟಿಗೆಯಲ್ಲಿ ಇಟ್ಟು ಬಂದೆಯಾ ಎಂದು ಟಿಂಕಾರಾಳನ್ನು ಕೆಣಕಿದಳು. ಅವಳು ಸ್ವಲ್ಪ ನಕ್ಕು, ನಿಲ್ಲದೆ ನಡೆದಳು.

ಕಾಡಿನ ಕೆಳಗೆ, ತೊರೆಯ ಹತ್ತಿರ, ಅವಳು ಕುಂಟತೊಡಗಿದಳು. ಕಲ್ಲಿನ ಮೇಲೆ ಕೂರಿಸಿ ಬೂಟು, ಕಾಲುಚೀಲ ಬಿಚ್ಚಿದೆ. ಹಿಮ್ಮಡಿಯಲ್ಲಿ ಎರಡು ಬೊಬ್ಬೆ, ಒಂದು ಒಡೆದಿತ್ತು. ಎಷ್ಟು ಹೊತ್ತಿನಿಂದ ನೋಯುತ್ತಿತ್ತು ಎಂದು ಕೇಳಿದೆ. ತುದಿಯಿಂದ ಎಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಹೊರಟವಳು ಅರ್ಧದಲ್ಲೇ ನಿಲ್ಲಿಸಿದೆ.

ತೊರೆಯ ನೀರಲ್ಲಿ ಕಾಲು ತೊಳೆದು, ನನ್ನ ತಲೆಬಟ್ಟೆಯಿಂದ ಒರೆಸಿ, ಪಟ್ಟಿ ಅಂಟಿಸಿದೆ. ತುದಿ ಮೇಲೇಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಿದೆ. ಇನ್ನು ದಾರಿ ನೋಡುವ ನೆಪವಿರಲಿಲ್ಲ.

“ಅಮ್ಮ,” ಎಂದಳು. “ಅಪ್ಪ ವಾಪಸ್ ಬಂದಿರೋದು ನಿಂಗೆ ಗೊತ್ತಿತ್ತಾ?”